ತೆಗೆದುಹಾಕಿದ ಪ್ರಿಂಟ್ ಸಾಲು

ಮೋಟಾರಿನ ಸದ್ದು ಒಂದೆಳೆ ಮೇಲೇರಿತಲ್ಲ, ಇಲ್ಲ, ಭ್ರಮೆ, ಭ್ರಮೆಯೇನು ಬಂತು, ನೊಣ ಸೀನಿದರೂ ಕೇಳುವ ಕಿವಿ ನನ್ನದು, ಈ ಪರೀಕ್ಷಾ ಕೋಣೆಯ ಹನ್ನೊಂದು ಪಂಪುಗಳೂ ನಾನು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ತಾಳಕ್ಕೇ ಕುಣಿಯುವುದು, ಎರಡು ಗಂಟೆಗೆ ವ್ಯಾನು, ಅಲ್ಲಿಂದ ಮಕ್ಕಳ ಆಸ್ಪತ್ರೆ, ಅಂಗೈಯಷ್ಟು ಶಿಶುಗಳ ನರಕ್ಕೆ ಹನಿಹನಿಯಾಗಿ ಔಷಧಿ, ಈ ಒಂದೂಮುಕ್ಕಾಲು ಕಿಲೋ ತೂಕದ ರಬ್ಬರ್ ಗೊಂಬೆಗೆ ಗಂಟೆಗೆ ನಾಲ್ಕು ಮಿಲಿಲೀಟರ್, ನಾಲ್ಕೆಂದರೆ ನಾಲ್ಕೇ — ಪರದೆಯ ಮೇಲೆ ನಾನೂರ ಹನ್ನೆರಡು. ಪರೀಕ್ಷಕಿ ಅಕ್ಕ, ಇಪ್ಪತ್ತು ವರ್ಷ ನಮ್ಮಂಥವರ ಜಂಬ ಇಳಿಸುವುದನ್ನೇ ಉದ್ಯೋಗ ಮಾಡಿಕೊಂಡವರು, ಸ್ವಿಚ್ಚಿಗೆ ಕೈ ಹಾಕಲಿಲ್ಲ, ಗೊಂಬೆಯ ಕೈಗೆ ಅಂಟಿಸಿದ ಕೊಳವೆಯನ್ನು ಮಡಚಿ ಹೆಬ್ಬೆರಳಲ್ಲಿ ಒತ್ತಿ ಹಿಡಿದರು, ಆಫ್ ಮಾಡಿದ್ರೆ ಮೆಮೊರಿಲಿರೋದೆಲ್ಲ ಹೋಗ್ಬಿಡುತ್ತೆ ಕಣೋ, ಏನಾಯ್ತು ನೋಡು ಬೇಗ. ನೋಡುವುದೇನು, ಪ್ರೋಗ್ರಾಮಿನ ಈ ತಪ್ಪನ್ನು, ಈ ಬಗ್ಗನ್ನು ಮೂರು ವಾರದ ಹಿಂದೆಯೇ ಕೊಂದು ಹೂತಿದ್ದೇನೆ, ಇಡೀ ಆಫೀಸು ಎದ್ದುನಿಂತು ಚಪ್ಪಾಳೆ ತಟ್ಟಿತ್ತು, ಆರೇ ಜನ, ಇರಲಿ, ಅರವತ್ತು ಜನರ ಸದ್ದು — ಅಂದೂ ಇಂಥದೇ ಹುಚ್ಚು ಅಂಕಿ, ಎಲ್ಲಿ ಕೆಡುತ್ತಿದೆ ನೋಡೋಣವೆಂದು ಪ್ರೋಗ್ರಾಮಿನ ನಡುವೆ, ಅಂಕಿಯನ್ನು ಪರದೆಗೆ ತಂದು ತೋರಿಸುವ ಒಂದು ಪ್ರಿಂಟ್ ಸಾಲು ತುರುಕಿದೆ, ಅಂಕಿ ತಾನಾಗಿಯೇ ನಾಲ್ಕಾಯಿತು, ನೂರು ಸಲ ಓಡಿಸಿದೆ, ಸರಿ, ಹನ್ನೆರಡು ಸಲ, ನಾಲ್ಕೇ ನಾಲ್ಕು, ಯಾಕೆಂದು ಕೇಳಲಿಲ್ಲ, ಗೆದ್ದವನು ಯಾಕೆ ಕೇಳುತ್ತಾನೆ, ಸರಿಯಾಯಿತು ಎಂದು ಬರೆದು ಕಾಲರ್ ಎತ್ತಿಕೊಂಡು ಟೀ ಕುಡಿಯಲು ಹೋದೆ. ನಿನ್ನೆ ಮ್ಯಾನೇಜರು, ಪ್ರಿಂಟ್ ಸಾಲೆಲ್ಲ ತೆಗ್ದುಬಿಡಪ್ಪ, ಆಸ್ಪತ್ರೆಗೆ ಹೋಗೋ ಸಾಮಾನು, ತೆಗೆದೆ, ಶಿಳ್ಳೆ ಹಾಕುತ್ತ ತೆಗೆದೆ. ಈಗ ಪ್ರೋಗ್ರಾಮನ್ನು ಓದುತ್ತಿದ್ದೇನೆ, ಕನ್ನಡಕಕ್ಕೆ ಬೆವರು, ಕೂಸಿನ ತೂಕ ಐದು ಕಿಲೋ ಮೇಲಿದ್ದರೆ ಇಷ್ಟು ವೇಗ, ಎರಡರಿಂದ ಐದಾದರೆ ಇಷ್ಟು, ಎರಡಕ್ಕಿಂತ ಕಡಿಮೆಯಾದರೆ — ಏನೂ ಇಲ್ಲ, ಅಲ್ಲಿ ವೇಗದ ಖಾನೆಗೆ ನಾನು ಏನನ್ನೂ ತುಂಬಿಯೇ ಇಲ್ಲ, ತುಂಬದ ಖಾನೆಯೇನು ಖಾಲಿಯಿರುತ್ತದೆಯೇ, ಹಿಂದಿನ ಲೆಕ್ಕ ಬಿಟ್ಟುಹೋದ ಎಂಜಲಿರುತ್ತದೆ, ಪ್ರಿಂಟ್ ಸಾಲು ಬಿಟ್ಟ ಎಂಜಲು ಆಕಸ್ಮಿಕವಾಗಿ ನಾಲ್ಕಾಗಿತ್ತು, ಅಷ್ಟೇ, ಸಾಲು ಹೋಯಿತು, ನಾಲ್ಕೂ ಹೋಯಿತು, ಅದಕ್ಕೆ ಚಪ್ಪಾಳೆ, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಚ್ಚರಿಸಿರಲಿಲ್ಲವೇ, ಎಚ್ಚರಿಸಿತ್ತು, ಅದರ ಬಾಯಿ ಮುಚ್ಚಿಸಿದವನೂ ನಾನೇ, ಜಗತ್ತಿನಲ್ಲಿ ನನಗೆ ಬುದ್ಧಿ ಹೇಳುವವರುಂಟೇ. ಹೊರಗೆ ವ್ಯಾನಿನ ಹಾರ್ನು. ಸೊನ್ನೆ ತುಂಬಿದರೆ ಮುಗಿಯಿತು, ಎರಡು ಸೆಕೆಂಡು, ಒಂದು ನರಪಿಳ್ಳೆಗೂ ಗೊತ್ತಾಗದು, ಆದರೆ ಸೊನ್ನೆಯೆಂದರೆ ಕೂಸಿಗೆ ಔಷಧಿಯೇ ಇಲ್ಲ, ನಾಲ್ಕು ತುಂಬಲೇ, ಗೊಂಬೆಗೆ ಸರಿ, ಒಂದೇ ಕಿಲೋ ಇರುವ ಕೂಸಿಗೆ, ಗೊತ್ತಿಲ್ಲ, ಡಾಕ್ಟರನ್ನು ಕೇಳಬೇಕು, ಅಲಾರಂ ಕೂಗುತ್ತಿದೆ, ಅಕ್ಕನ ಹೆಬ್ಬೆರಳು ಕೊಳವೆಯ ಮೇಲೆ, ಉಗುರು ಬೆಳ್ಳಗೆ, ಏನೋ, ಸಹಿ ಹಾಕ್ಲಾ ಬೇಡ್ವಾ, ವ್ಯಾನ್ ಬಂದಿದೆ. ಹೇಳು, ಕಂಪೈಲರ್ ಕೆಟ್ಟಿದೆ ಎನ್ನು, ಕರೆಂಟು ಏರಿಳಿಯಿತು ಎನ್ನು, ಸುಳ್ಳಿಗೇನು ಬರ ನನ್ನಲ್ಲಿ — ಉಗುರು — ವ್ಯಾನ್ ವಾಪಸ್ ಕಳ್ಸಿ ಅಕ್ಕ, ಅವತ್ತು ನಾನು ಸರಿ ಮಾಡಿರ್ಲಿಲ್ಲ. ಅಂದುಬಿಟ್ಟೆ, ನನ್ನದೇ ದನಿ, ಇಷ್ಟು ಸಣ್ಣದೇ ಅದು, ಬೈಯಲಿ, ಬೈಯುತ್ತಿಲ್ಲ, ಇನ್ನು ಬಿಡಿ ಅಕ್ಕ, ಅದು ಗೊಂಬೆ, ಗೊತ್ತು ಕಣೋ ಎನ್ನುತ್ತಾರೆ, ಬಿಡುವುದಿಲ್ಲ, ಕೊಳವೆಯ ಮೇಲೆ ಹೆಬ್ಬೆರಳು, ಬೆಳ್ಳಗಾದ ಉಗುರು, ಉಗುರು