ಸುರಂಗದ ಕಡೆಗೆ ಹಾರಿದ ಕೊಕ್ಕರೆ

"ಅಯ್ಯೋ, ಇದೇನಾಗ್ಹೋಯ್ತು!" ಅಟ್ಟಣೆಯ ಹಲಗೆ ಮೇಲೆ ನಿಂತು, ಚಾವಣಿಗೆ ಒತ್ತಿದ್ದ ಒದ್ದೆ ಕಾಗದವನ್ನು ಸುಲಿಯುತ್ತಿದ್ದ ಸೊಸೆಯ ಕೈ ಅರ್ಧಕ್ಕೇ ನಿಂತಿತು. ನೀಲಿ ಗಾಜಿನ ಚೂರುಗಳ ಆಕಾಶದಲ್ಲಿ ಕೊಕ್ಕರೆಗಳೆಲ್ಲ ಮೆಟ್ಟಿಲ ಕಡೆಗೆ ಹಾರುತ್ತಿದ್ದರೆ, ಅವಳದೊಂದು ಮಾತ್ರ ರೈಲು ಬರುವ ಸುರಂಗದ ಕಡೆಗೆ ಹೊರಟಿತ್ತು.

ಕೆಳಗೆ ದೀಪ ಜೋಡಿಸುತ್ತಿದ್ದವನು ಕತ್ತೆತ್ತಿ ನೋಡಿ ನಕ್ಕ. "ಮನೇಲೇನೋ ಮರೆತು ಬಂದಿರ್ಬೇಕು ಕಣಮ್ಮ. ವಾಪಸ್ ಹೊರಟಿದೆ."

ಅವಳಿಗೆ ನಗು ಎಲ್ಲಿಂದ ಬರಬೇಕು? ಗಾಜಿನ ಚೂರುಗಳನ್ನು ಮೊದಲು ಕಾಗದದ ಮೇಲೆ ಬೋರಲಾಗಿ ಅಂಟಿಸಿ, ಆಮೇಲೆ ಹಾಳೆಯನ್ನೇ ಹಸಿ ಗಾರೆಗೆ ಒತ್ತುವ ಕೆಲಸ ಅದು. ಹಾಗಾಗಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆದುಕೊಳ್ಳಬೇಕು. ಗೊತ್ತಿಲ್ಲದ್ದೇನಲ್ಲ. ಆದರೆ ಇಷ್ಟು ದಿನ ಬರೀ ಆಕಾಶ ತುಂಬಿದವಳಿಗೆ ಅತ್ತೆ ಕೊಟ್ಟ ಮೊದಲ ಹಕ್ಕಿ ಇದು. ಹಿಗ್ಗಿನಲ್ಲಿ ನೇರವಾಗಿಯೇ ಬರೆದುಬಿಟ್ಟಿದ್ದಳು. "ಇದೊಂದು ಸರಿಯಾಗಿ ಬರ್ಲಿ, ಮುಂದಿನ ಸ್ಟೇಷನ್ನಿನ ಹಕ್ಕಿಗಳೆಲ್ಲ ನಿಂದೇ" ಎಂದಿದ್ದರು ಅತ್ತೆ.

ಅದೂ ಎಂಥ ನಿಲ್ದಾಣ! ನೆಲದಡಿ ಇದೆ ಎಂದರೆ ಯಾರು ನಂಬಬೇಕು? ಹಸಿರು ಅಮೃತಶಿಲೆಯ ಕಂಬಗಳು, ಅವುಗಳ ನೆತ್ತಿಗೆ ಹಿತ್ತಾಳೆಯ ಬಳ್ಳಿ, ಕಮಾನು ಕಮಾನಿಗೂ ಹಾಲುಗಾಜಿನ ದೀಪ. ಒಂದೊಂದು ದೀಪ ಹೊತ್ತಿದಾಗಲೂ ಚಾವಣಿಯ ನೀಲಿ ಅಷ್ಟಗಲ ಬೆಳಗಾದಂತೆ ಮಿನುಗುತ್ತಿತ್ತು. ದಿನಾ ನೋಡುವ ಅವಳಿಗೇ ಕಣ್ಣು ತುಂಬಿಬರುತ್ತಿತ್ತು. ಅಂಥದ್ದರ ನಡುವೆ ತನ್ನ ಈ ಎಡವಟ್ಟು. ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

ಅತ್ತೆ ಅಟ್ಟಣೆ ಹತ್ತಿ ಬಂದರು. ಅವತ್ತು ಸಂಜೆಯೇ ಅಟ್ಟಣೆ ಬಿಚ್ಚಬೇಕಿತ್ತು. ಅತ್ತೆ ಆ ಕೊಕ್ಕರೆಯ ರೆಕ್ಕೆಗೆ ಕಣ್ಣು ಹತ್ತಿರ ತಂದು ನೋಡಿದರು. ಬೈಯಲಿಲ್ಲ, ಅದೇ ಅವಳಿಗೆ ಇನ್ನೂ ಭಯ.

"ರೆಕ್ಕೆ ಯಾರು ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ ಅತ್ತೆ. ನಾನೇ..." ರೆಕ್ಕೆಯ ಬಿಳುಪು ತುದಿಗೆ ಬರಬರುತ್ತ ಬೂದುಬಣ್ಣವಾಗಿ, ನೀಲಿಯಲ್ಲಿ ಕರಗಿಹೋಗಿತ್ತು.

"ಹೂಂ. ಉಳಿ ಕೊಡು. ಕೆಳಗೆ ಹೋಗಿ ಗಾರೆ ಕಲಸು."

ಕಲಸುತ್ತಿದ್ದಂತೆ ಮೇಲೆ ಟಕ್ ಟಕ್ ಶುರುವಾಯಿತು. ಬಿಳಿ ಗಾಜಿನ ಚೂರುಗಳು ಅವಳ ಕಾಲ ಬಳಿ ಉದುರಿದವು. ಹೋಯ್ತು ನನ್ನ ಹಕ್ಕಿ ಎಂದುಕೊಂಡು, ಸೆರಗನ್ನು ಬಾಯಿಗೆ ಒತ್ತಿ ಅತ್ತಳು. ದೀಪದವನೂ ನಗು ನಿಲ್ಲಿಸಿದ್ದ. "ಹೋಗ್ಲಿ ಬಿಡಮ್ಮ," ಎಂದ.

"ಗಾರೆ ಏನು ಮುಂದಿನ ವರ್ಷ ತರ್ತೀಯಾ?" ಮೇಲಿನಿಂದ ಅತ್ತೆ ಕೂಗಿದರು.

ಮುಖ ಒರೆಸಿಕೊಂಡು ಹತ್ತಿದಳು. ನೋಡಿದರೆ ಅವಳ ಕೊಕ್ಕರೆಯ ಒಂದು ಚೂರೂ ಅಲುಗಿರಲಿಲ್ಲ. ಬೋಳಾಗಿದ್ದುದು ಪಕ್ಕದ ಕೊಕ್ಕರೆಯ ಕತ್ತು, ಅತ್ತೆಯೇ ಮಾಡಿದ್ದ ಹಕ್ಕಿಯದು.

"ಅತ್ತೆ, ಇದು ನಿಮ್ಮದಲ್ವಾ?"

"ನಂದೇ. ಅದಕ್ಕೇ ಯಾಕೆ ಕಿತ್ತೆ ಅಂತ ಕೇಳೋರಿಲ್ಲ. ಗಾರೆ ಹಚ್ಚು, ಬಾಯಿ ಬಿಟ್ಕೊಂಡು ನಿಂತ್ಕೋಬೇಡ."

ಅವಳು ಹಚ್ಚಿದ ಗಾರೆಗೆ ಅತ್ತೆ ಕತ್ತಿನ ಚೂರುಗಳನ್ನು ಒಂದೊಂದಾಗಿ ಹೊಸದಾಗಿ ಒತ್ತಿದರು. ಸಂಜೆ ಅಟ್ಟಣೆ ಇಳಿಯಿತು. ದೀಪದವನು ಎಲ್ಲ ದೀಪಗಳನ್ನೂ ಒಟ್ಟಿಗೆ ಹಾಕಿದ. ಇಡೀ ಹಿಂಡು ಮೆಟ್ಟಿಲ ಕಡೆಗೆ ಹಾರುತ್ತಿತ್ತು. ಅವಳ ಕೊಕ್ಕರೆ ಸುರಂಗದ ಕಡೆಗೆ. ಪಕ್ಕದ ದೊಡ್ಡ ಕೊಕ್ಕರೆ ಹಾರುತ್ತಲೇ ಕತ್ತು ಹೊರಳಿಸಿ, ಅದನ್ನೇ ನೋಡುತ್ತಿತ್ತು.