ಜಕ್ಕೂರಿನಲ್ಲಿ ವೇದಿಕೆ ಬಿದ್ದದ್ದು ಹೇಗೆ

ನಮ್ಮ ಕಡೆ ಪೇಪರ್ ಓದುವವರಿಗಿಂತ ಪೇಪರ್ ಕೇಳುವವರು ಹೆಚ್ಚು. ಯಲಹಂಕದ ಸಂತೆಗೆ ಬಂದವರು ಹೋಟೆಲಿನ ಬೆಂಚಿನ ಮೇಲೆ ಕೂರುತ್ತಾರೆ. ಒಬ್ಬ ಗಟ್ಟಿಯಾಗಿ ಓದುತ್ತಾನೆ. ಉಳಿದವರು ಕಾಫಿ ಕುಡಿಯುತ್ತ ಕೇಳುತ್ತಾರೆ, ಕೇಳಿದ್ದನ್ನು ಊರಿಗೆ ಒಯ್ಯುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಇದ್ದದ್ದು ಹೋಟೆಲುಗಳಲ್ಲಿ.

ಸಂತೆಬೀದಿಯಲ್ಲಿ ಎದುರುಬದುರಾಗಿ ಎರಡು ಹೋಟೆಲುಗಳಿದ್ದವು. ಆನಂದಪ್ಪನ ಹೋಟೆಲಿಗೆ ಆಳುವ ಪಕ್ಷದವರು ಹೋಗುತ್ತಿದ್ದರು. ಅಲ್ಲಿಗೆ ಬರುತ್ತಿದ್ದದ್ದು ‘ಪ್ರಭಾತದೂತ’ ಪತ್ರಿಕೆ. ಚಿಕ್ಕಹನುಮಯ್ಯನ ಹೋಟೆಲಿಗೆ ವಿರೋಧ ಪಕ್ಷದವರು, ಅಲ್ಲಿಗೆ ‘ಜನಕೇಸರಿ’. ಈ ಕಡೆಯವರು ಆ ಕಡೆಯ ಇಡ್ಲಿಯನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಬೀದಿಯ ಒಂದು ಬದಿಯ ಸುದ್ದಿ ಇನ್ನೊಂದು ಬದಿಗೆ ದಾಟುತ್ತಲೇ ಇರಲಿಲ್ಲ.

ಅರವತ್ತೆರಡರ ಚುನಾವಣೆ ಹತ್ತಿರವಾಗಿತ್ತು. ರಾಜಾನುಕುಂಟೆಯ ರೈತ ಕದಿರಪ್ಪ ಸಂತೆ ಮುಗಿಸಿಕೊಂಡು ಎಂದಿನಂತೆ ಆನಂದಪ್ಪನ ಹೋಟೆಲಿನಲ್ಲಿ ಕೂತಿದ್ದ. ಅವನ ಮಗ ಲಕ್ಕಣ್ಣನಿಗೆ ಜಕ್ಕೂರಿನ ಪಿಳ್ಳಣ್ಣನ ಮಗಳು ಮುನಿಕೃಷ್ಣಮ್ಮನ ಜೊತೆ ಮದುವೆ ಗೊತ್ತಾಗಿತ್ತು. ಎರಡು ಮನೆಯವರೂ ವೀಳ್ಯ ಬದಲಾಯಿಸಿಕೊಂಡಿದ್ದರು. ಕದಿರಪ್ಪನ ಕಾಲಬಳಿ ಇದ್ದ ಬೆಲ್ಲದ ಅಚ್ಚುಗಳು ಆ ಮದುವೆಗೇ ಕೊಂಡವು.

ಆನಂದಪ್ಪ ಗಲ್ಲಾದ ಹಿಂದೆ ನಿಂತು ಪೇಪರ್ ಬಿಡಿಸಿದ.

“ಕೇಳ್ರಪ್ಪೋ! ಜಕ್ಕೂರಿನಲ್ಲಿ ವಿರೋಧ ಪಕ್ಷದವರ ಪುಂಡಾಟಿಕೆ. ನಮ್ಮ ಅಭ್ಯರ್ಥಿಯ ಸಭೆಯ ವೇದಿಕೆ ಧ್ವಂಸ. ಪಿಳ್ಳಣ್ಣ ಎಂಬಾತನ ಗುಂಪಿನ ಕೃತ್ಯ.” ಒಮ್ಮೆ ಉಸಿರು ತೆಗೆದುಕೊಂಡು ಮುಂದುವರಿಸಿದ: “ಪಿಳ್ಳಣ್ಣನು ಕೈಯಲ್ಲಿ ದೊಣ್ಣೆ ಹಿಡಿದು ಎಲ್ಲರಿಗಿಂತ ಮುಂದೆ ಇದ್ದನು.”

ಬೆಂಚಿನ ತುದಿಯಿಂದ ಒಬ್ಬ ಕೇಳಿದ: “ಯಾರು, ಗಾಡಿ ಪಿಳ್ಳಣ್ಣನಾ? ಕದಿರಪ್ಪ, ನಿಮ್ಮ ಬೀಗ್ರಲ್ವಾ ಅವ್ರು?”

ಇನ್ನೊಬ್ಬ ನಕ್ಕ. “ಮದ್ವೆ ಚಪ್ರಾನ ಗಟ್ಟಿಯಾಗ್ ಆಕ್ಸು ಕದಿರಪ್ಪ. ಬೀಗ್ರು ಕಿತ್ತಾಕ್ಬುಟ್ಟಾರು.”

ಕದಿರಪ್ಪ ಕಾಫಿ ಅರ್ಧಕ್ಕೆ ಬಿಟ್ಟು ಎದ್ದ. ಅವನಿಗೆ ಓದು ಬರುತ್ತಿರಲಿಲ್ಲ. ಆದರೆ ಪೇಪರಿನಲ್ಲಿ ಬಂದದ್ದು ಸುಳ್ಳಾಗುವುದಿಲ್ಲ ಎಂದು ಚಿಕ್ಕಂದಿನಿಂದ ನಂಬಿದ್ದ.

ಮನೆಗೆ ಬಂದಾಗ ಅವನ ಹೆಂಡತಿ ಮಾರಕ್ಕ ಅಡುಗೆಮನೆಯಲ್ಲಿ ಮಣ್ಣು ಕಲಸುತ್ತಿದ್ದಳು. ಜೊತೆಯಲ್ಲಿ ಗ್ರಾಮಸೇವಿಕೆ ನಾರಾಯಣಮ್ಮ ಇದ್ದಳು. ಯಲಹಂಕದಿಂದ ಸೈಕಲ್ಲಿನಲ್ಲಿ ಬಂದು ಮನೆಮನೆಗೆ ಹೊಗೆಯಿಲ್ಲದ ಒಲೆ ಹಾಕಿಸುವುದು ಅವಳ ಕೆಲಸ. ಇಬ್ಬರ ಕೈಯೂ ಮೊಣಕೈವರೆಗೆ ಮಣ್ಣಾಗಿತ್ತು.

“ನಾಳೆ ಬೆಳಿಗ್ಗೆ ಜಕ್ಕೂರಿಗೆ ಆಳು ಕಳುಸ್ತೀನಿ. ವೀಳ್ಯ ವಾಪಸ್ ಕೊಟ್ಬುಡ್ಲಿ. ಈ ಸಂಬಂಧ ಬ್ಯಾಡ,” ಎಂದ ಕದಿರಪ್ಪ.

ಮಾರಕ್ಕನ ಕೈ ನಿಂತಿತು. “ಅದೇನ್ ಆಡ್ತಿದ್ದೀರಿ?”

ಅವನು ಹೋಟೆಲಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದ. ದೊಣ್ಣೆಯನ್ನು ಎರಡು ಸಲ ಹೇಳಿದ.

“ಆವಯ್ಯ ಎತ್ತಿಗೇ ಚಾವ್ಟಿ ಬೀಸೋನಲ್ಲ, ದೊಣ್ಣೆ ಇಡೀತಾನಾ? ಒಂದ್ ಮಾತು ಓಗಿ ಕೇಳ್ಬಾರ್ದಾ?” ಎಂದಳು ಮಾರಕ್ಕ.

“ತಪ್ಪು ಮಾಡ್ದೋನು ಊಂ ಮಾಡ್ದೆ ಅಂತಾನಾ? ಪೇಪರ್ನಲ್ಲಿ ಬಂದದೆ. ನಾಳೆ ಪೊಲೀಸ್ನೋರು ಬರ್ತಾರೆ. ಲಕ್ಕಣ್ಣನ ಮಾವ ಯಾರು ಅಂದ್ರೆ ಪುಂಡ ಅಂತ ಏಳ್ಬೇಕಾ?”

“ಆ ಮಗೀನ ಗತಿ? ಒಪ್ಪಿ ಬುಟ್ಟ ಉಡ್ಗಿ ಅಂತ ಊರೆಲ್ಲ ಆಡ್ಕೋತದೆ. ಆಮೇಲೆ ಯಾರ್ ಬರ್ತಾರೆ ಅವ್ಳ ಬಾಗ್ಲಿಗೆ?”

ನಾರಾಯಣಮ್ಮ ಕೈ ತೊಳೆದುಕೊಂಡು ಬಂದಳು.

“ಕದಿರಪ್ಪಣ್ಣ, ಪೇಪರ್ನಲ್ಲಿ ಬಂದಿದೆ ಅಂದ್ರಿ. ಯಾರು ಕಂಡಿದ್ದು ಅಂತ ಬರೆದಿದ್ರು?”

“ಯಾರ್ ಕಂಡ್ರೇನು ತಾಯಿ? ಬಂದದೆ.”

“ನಿಮ್ಮ ಎತ್ತು ಕಳೆದುಹೋಯ್ತು ಅಂತಿಟ್ಕೊಳ್ಳಿ. ದಾರೀಲಿ ಒಬ್ಬ, ಇಂಥೋನೇ ಹೊಡ್ಕೊಂಡು ಹೋದ ಅಂತಾನೆ. ನೀವೇನು ಕೇಳ್ತೀರಿ?”

“ನೀನ್ ಕಂಡ್ಯಾ ಅಂತ ಕೇಳ್ತೀನಿ.”

“ಎತ್ತಿಗೆ ಕೇಳೋದನ್ನ ಸೊಸೆಗೆ ಕೇಳಲ್ವಾ?”

ಮಾರಕ್ಕ ಮಣ್ಣಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಕದಿರಪ್ಪನಿಗೆ ಸಿಟ್ಟು ಬಂತು. ಆದರೂ ಮರುದಿನ ಆಳು ಕಳಿಸುವ ಬದಲು ತಾನೇ ಯಲಹಂಕದ ಬಸ್ಸು ಹತ್ತಿದ.

ಅಲ್ಲಿ ಕಾದಿದ್ದ ನಾರಾಯಣಮ್ಮ ಅವನನ್ನು ಮೊದಲು ಆನಂದಪ್ಪನ ಹೋಟೆಲಿಗೇ ಕರೆದೊಯ್ದಳು. ಹಳೇ ಪೇಪರ್ ಕೇಳಿ ತೆಗೆದುಕೊಂಡು, ಸುದ್ದಿಯನ್ನು ನಿಧಾನವಾಗಿ ಕೊನೆಯವರೆಗೆ ಓದಿದಳು. ವೇದಿಕೆ ಇತ್ತು. ಧ್ವಂಸ ಇತ್ತು. ಪಿಳ್ಳಣ್ಣ ಇದ್ದ. ದೊಣ್ಣೆ ಇರಲಿಲ್ಲ.

“ಆನಂದಪ್ಪನೋರೆ, ದೊಣ್ಣೆ ಎಲ್ಲಿ?”

ಆನಂದಪ್ಪ ಲೋಟ ಒರೆಸುತ್ತ ಹೇಳಿದ: “ಕಾಫಿಗೆ ಚೂರು ಚಿಕೋರಿ ಆಕಲ್ವಾ ಅಮ್ಮಾ, ಅಂಗೆ. ಬರೀ ಅಕ್ಷರ ಓದಿದ್ರೆ ಯಾರು ಕೇಳ್ತಾರೆ?”

“ಲೇ ಆನಂದಪ್ಪ,” ಎಂದ ಕದಿರಪ್ಪ. “ನಿನ್ ಚಿಕೋರಿಗೆ ಇಷ್ಟು ಬೆಂಕಿ ಆಕ! ರಾತ್ರಿಯೆಲ್ಲ ನಾನು ಆ ದೊಣ್ಣೇನೇ ನೋಡ್ತಾ ಬಿದ್ದಿದ್ದೆ.”

ಆಮೇಲೆ ನಾರಾಯಣಮ್ಮ ಎದುರು ಹೋಟೆಲಿಗೆ ಹೋಗೋಣ ಎಂದಳು. ಕದಿರಪ್ಪ ಬೀದಿಯ ನಡುವೆ ನಿಂತುಬಿಟ್ಟ. ಆ ಹೊಸ್ತಿಲನ್ನು ಅವನು ಎಂದೂ ದಾಟಿರಲಿಲ್ಲ.

“ಅಲ್ಲಿಗೆ ಕಾಲಿಟ್ರೆ ನಮ್ಮೋರು ಏನಂದ್ಕೋತಾರೆ?”

“ನಿಮ್ಮೋರು ನಿಮ್ಮ ಮಗನಿಗೆ ಬೇರೆ ಹೆಣ್ಣು ಹುಡುಕಿ ಕೊಡ್ತಾರಾ?”

ಒಳಗೆ ಹೋದರು. ಚಿಕ್ಕಹನುಮಯ್ಯ ಕದಿರಪ್ಪನನ್ನು ಕಂಡು ಗಾಬರಿಯಾದ, ಆಮೇಲೆ ಬೆಂಚು ಒರೆಸಿದ. ಇಡ್ಲಿ ಆ ಕಡೆಯದರ ಹಾಗೇ ಇತ್ತು. ನಾರಾಯಣಮ್ಮ ‘ಜನಕೇಸರಿ’ ಓದಿದಳು:

“ಜಕ್ಕೂರಿನಲ್ಲಿ ಆಳುವ ಪಕ್ಷಕ್ಕೆ ಮುಖಭಂಗ. ಜನರಿಲ್ಲದೆ ಭಣಗುಟ್ಟಿದ ಸಭೆ. ವೀರ ರೈತ ಪಿಳ್ಳಣ್ಣನ ಮುಂದಾಳತ್ವದಲ್ಲಿ ವೇದಿಕೆ ಕಿತ್ತೆಸೆದ ಮತದಾರರು.”

ಕದಿರಪ್ಪ ಮೇಜು ತಟ್ಟಿದ. “ನೋಡ್ದಾ ತಾಯಿ! ಎರಡು ಪೇಪರೂ ಒಂದೇ ಏಳ್ತವೆ. ಅದು ಪುಂಡ ಅಂತದೆ, ಇದು ವೀರ ಅಂತದೆ. ಕೆಡವಿದ್ದು ಮಾತ್ರ ನಮ್ಮ ಬೀಗನೇ!”

ಎರಡು ಕಡೆಯದನ್ನೂ ಓದಿದರೆ ನಿಜ ಗೊತ್ತಾಗುತ್ತದೆ ಎಂದು ನಾರಾಯಣಮ್ಮ ನಂಬಿದ್ದಳು. ಅವಳು ಎರಡನೇ ಸಲ ಓದಿದಳು. ಎದುರಿನಿಂದ ಮೊದಲ ಪೇಪರನ್ನೂ ತರಿಸಿ ಪಕ್ಕದಲ್ಲಿಟ್ಟಳು.

“ಕದಿರಪ್ಪಣ್ಣ, ಇಲ್ಲಿ ಕೇಳಿ. ಇದರಲ್ಲಿ ‘ನಮ್ಮ ಪಕ್ಷದ ಕಚೇರಿಯಿಂದ ತಿಳಿದುಬಂದಿದೆ’ ಅಂತಿದೆ. ಅದರಲ್ಲೂ ಹಂಗೇ. ಜಕ್ಕೂರಿನ ಒಬ್ಬರ ಹೆಸರಾದ್ರೂ ಇದೆಯಾ? ಇಲ್ಲ. ಪಿಳ್ಳಣ್ಣನೋರು ಏನಂದ್ರು ಅಂತ ಇದೆಯಾ? ಅದೂ ಇಲ್ಲ. ಇವರಿಗೆ ಒಬ್ಬ ಪುಂಡ ಬೇಕಿತ್ತು, ಅವರಿಗೆ ಒಬ್ಬ ವೀರ. ಇಬ್ಬರಿಗೂ ವೇದಿಕೆ ತಾನೇ ಬಿದ್ರೆ ಲಾಭ ಇಲ್ಲ.”

“ತಾನೇ ಬಿತ್ತು ಅಂತ ಯಾರಂದ್ರು?”

“ಯಾರೂ ಅಂದಿಲ್ಲ. ಹುಡುಕೋಣ.”

ಇಬ್ಬರೂ ಯಲಹಂಕದ ವಾಚನಾಲಯಕ್ಕೆ ಹೋದರು. ಅಲ್ಲಿ ಎರಡು ಹೋಟೆಲಿಗೂ ಬಾರದ ಇನ್ನೊಂದು ದಿನಪತ್ರಿಕೆ ಇತ್ತು. ಅದರಲ್ಲಿ ಬೈಗುಳ ಕಡಿಮೆ, ಹಾಗಾಗಿ ಹೋಟೆಲಿನಲ್ಲಿ ಅದಕ್ಕೆ ಗಿರಾಕಿ ಇರಲಿಲ್ಲ. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ: ಜಕ್ಕೂರಿನ ಸಭೆಯಲ್ಲಿ ಎತ್ತಿನ ಗಾಡಿಗಳ ಮೇಲೆ ಕಟ್ಟಿದ್ದ ವೇದಿಕೆ ಕುಸಿದು ಇಬ್ಬರಿಗೆ ಗಾಯ. ಹೆಚ್ಚು ಜನ ಮೇಲೆ ಹತ್ತಿದ್ದರೆಂದು ಮುಂದೆ ಕೂತಿದ್ದ ಗೌರಮ್ಮ ಎಂಬುವರು ತಿಳಿಸಿದರು. ಯಾರೋ ಕೆಡವಿದರೆಂಬ ಮಾತೂ ಇದೆ. ಆದರೆ ಅದನ್ನು ಕಣ್ಣಾರೆ ಕಂಡವರು ನಮ್ಮ ಬಾತ್ಮೀದಾರರಿಗೆ ಸಿಗಲಿಲ್ಲ.

ಮಾರನೆಯ ದಿನದ ಸಂಚಿಕೆಯಲ್ಲಿ ಒಂದು ಸಾಲು ತಿದ್ದುಪಡಿ: ಗಾಯಗೊಂಡವರು ಇಬ್ಬರಲ್ಲ, ಮೂವರು, ತಪ್ಪಿಗೆ ವಿಷಾದಿಸುತ್ತೇವೆ.

ಕದಿರಪ್ಪನ ಮುಖ ಗಂಟಾಯಿತು. “ತಪ್ಪಾಯ್ತು ಅಂತ ತಾನೇ ಒಪ್ಕೊಂಡದೆ. ಇಂಥ ಪೇಪರ್ ನಂಬೋದಾ? ಆ ಎರಡು ಒಂದಿನಾನೂ ತಪ್ಪಾಯ್ತು ಅಂದಿದ್ದಿಲ್ಲ.”

“ತಪ್ಪಾದ್ರೆ ತಪ್ಪಾಯ್ತು ಅನ್ನೋನು ಒಬ್ಬ. ಜನ್ಮದಲ್ಲಿ ತಪ್ಪೇ ಮಾಡಿಲ್ಲ ಅನ್ನೋನು ಒಬ್ಬ. ಇಬ್ಬರಲ್ಲಿ ಯಾರ ಜೊತೆ ಬೀಗತನ ಮಾಡ್ತೀರಿ?”

ಕದಿರಪ್ಪ ತಲೆ ಕೆರೆದುಕೊಂಡ.

“ಈ ಪೇಪರ್ನೋರೂ ದೇವರಲ್ಲ,” ಎಂದಳು ನಾರಾಯಣಮ್ಮ. “ನಡುವಿನ ಪುಟದಲ್ಲಿ ಯಾರಿಗೆ ಓಟು ಹಾಕ್ಬೇಕು ಅಂತ ಇವರೂ ಬರೀತಾರೆ. ಅದು ಒಂದು ಕಡೆ ವಾಲಿರತ್ತೆ. ಆದ್ರೆ ಅದು ನಮ್ಮ ಅಭಿಪ್ರಾಯ ಅಂತ ಬೇರೆ ಜಾಗದಲ್ಲಿ ಇಟ್ಟಿದ್ದಾರೆ. ಸುದ್ದೀಲಿ, ಕಂಡವರ ಹೆಸರು ಹಾಕಿದ್ದಾರೆ. ನಾವು ಹೋಗಿ ಅವರನ್ನ ಕೇಳಬಹುದು.”

“ಅಂಗಾದ್ರೆ ನಡಿ, ಕೇಳೇಬುಡಾನ.”

ಜಕ್ಕೂರು ದೂರವಿಲ್ಲ. ಕೆರೆ ಏರಿಯ ಕೆಳಗೆ ಪಿಳ್ಳಣ್ಣನ ಮನೆ. ಎಡಗೈಗೆ ಪಟ್ಟಿ ಕಟ್ಟಿಕೊಂಡು ಅವನು ಜಗಲಿಯ ಮೇಲೆ ಕೂತಿದ್ದ. ಗಾಡಿ ಅಂಗಳದಲ್ಲಿ ಒಂದು ಮಗ್ಗುಲಿಗೆ ಬಿದ್ದಿತ್ತು. ಬೀಗರನ್ನು ಕಂಡು ಎದ್ದ, ಆದರೆ ನಗಲಿಲ್ಲ. ಸುದ್ದಿ ಅವನಿಗೂ ಮುಟ್ಟಿತ್ತು. ಬಾಗಿಲ ಹಿಂದೆ ಬಳೆಯ ಸದ್ದಾಗಿ ನಿಂತುಹೋಯಿತು.

“ವೀಳ್ಯ ವಾಪಸ್ ಕೊಡಕ್ ಬಂದ್ರಾ ಬೀಗ್ರೇ?”

ಕದಿರಪ್ಪ ಗಾಡಿಯ ಹತ್ತಿರ ಹೋದ. ಅವನೂ ಗಾಡಿ ಹೊಡೆದವನೇ. ಕುಕ್ಕರಗಾಲಲ್ಲಿ ಕೂತು ಮುರಿದ ಚಕ್ರದ ಮೇಲೆ ಕೈಯಾಡಿಸಿದ. ಚಕ್ರದ ಕಾಲುಗಳು ನಡುಮರದ ಬುಡದಲ್ಲೇ ಸೀಳಿ ಮುರಿದಿದ್ದವು. ಹೊರಗಡೆ ಒಂದು ಏಟಿನ ಗುರುತೂ ಇರಲಿಲ್ಲ.

“ಎಷ್ಟು ಜನ ಅತ್ತಿದ್ರು?”

“ಎಣಿಸೋರ್ಯಾರು? ಎರಡು ಗಾಡಿ ಜೋಡ್ಸಿ ಅಲ್ಗೆ ಆಕಿದ್ದೊ. ಭಾಷಣ ಮಾಡೋರು ಅತ್ತಿದ್ರೆ ಸಾಕಿತ್ತು. ಫೋಟೋ ತೆಗೀತಾರೆ ಅಂದಿದ್ದೇ ತಡ, ಆರ ಆಕೋರು, ಆಕುಸ್ಕೊಳ್ಳೋರು, ಪಕ್ಕದಲ್ಲಿ ನಿಂತ್ಕೊಳ್ಳೋರು, ಎಲ್ಲಾ ಅತ್ತುಬುಟ್ರು. ಚಕ್ರ ಬಾಗ್ತಾ ಇತ್ತು. ಇಳೀರಪ್ಪೋ ಅಂತ ಕೂಗ್ಕೊಂಡು ಎಲ್ರಿಗಿಂತ ಮುಂದೆ ಓಡಿ ಕೈ ಕೊಟ್ಟೆ. ಕೈ ಮೇಲೇ ಬಿತ್ತು.”

“ಕೆಡವಿದ್ದು ಅಂದ್ರು.”

“ನನ್ ಗಾಡಿ ನಾನ್ ಕೆಡವ್ತೀನಾ ಬೀಗ್ರೇ? ಈ ಕಡೆಯೋರು ನನ್ ಮೇಲೆ ಕೇಸ್ ಆಕ್ತೀವಿ ಅಂತಾರೆ. ಆ ಕಡೆಯೋರು ನಿನ್ನೆ ಬಂದು ಆರ ಆಕಿ ಓದ್ರು. ಗಾಡಿ ರಿಪೇರಿ ಯಾರ್ ಮಾಡುಸ್ತೀರಿ ಅಂದ್ರೆ ಎರಡು ಕಡೆಯೋರೂ ಇಲ್ಲ.” ತಲೆಯ ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಗುರುಗುಟ್ಟುತ್ತ ಹೋಯಿತು. ಪಿಳ್ಳಣ್ಣ ಅದನ್ನು ನೋಡಿ ಹೇಳಿದ: “ಅದನ್ನೂ ನಾನೇ ಬೀಳುಸ್ದೆ ಅಂತ ಬರೀಲಿಲ್ವಲ್ಲ, ಅದೇ ಪುಣ್ಯ.”

ಕದಿರಪ್ಪ ನಕ್ಕುಬಿಟ್ಟ. ಆಮೇಲೆ ನಾಚಿಕೆಯಾಯಿತು.

ಅಷ್ಟರಲ್ಲಿ ನಾರಾಯಣಮ್ಮ ನೆರೆಮನೆಯ ಗೌರಮ್ಮನನ್ನು ಕರೆದುಕೊಂಡು ಬಂದಳು. ಆಕೆ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: “ಮುಂದ್ಗಡೇನೇ ಕುಂತಿದ್ದೆ ಕಣಪ್ಪ. ಚಕ್ರ ಲಟಕ್ ಅಂದಿದ್ದು ನನ್ ಕಿವಿಗೇ ಕೇಳುಸ್ತು. ಒಬ್ಬ ಪೇಪರ್ನೋನು ಬಂದು ಕೇಳ್ದ, ಏಳ್ದೆ. ಉಳಿದೋರು ಯಾರೂ ಬರ್ಲೇ ಇಲ್ಲ.”

ಕದಿರಪ್ಪ ಚಕ್ರವನ್ನು ಇನ್ನೊಮ್ಮೆ ನೋಡಿದ. “ಇದು ಏಟಿಗೆ ಮುರ್ದಿರೋದಲ್ಲ, ಭಾರಕ್ಕೆ,” ಎಂದ. “ಬೀಗ್ರೇ, ನಿಮ್ ಕೈ ವಾಸಿಯಾಗೋಗಂಟ ನಮ್ ಗಾಡಿ ಇಲ್ಲೇ ಇರ್ಲಿ. ಲಕ್ಕಣ್ಣ ತಂದು ಬುಡ್ತಾನೆ.”

ಬಾಗಿಲ ಹಿಂದೆ ಬಳೆ ಮತ್ತೆ ಸದ್ದು ಮಾಡಿತು. ಒಳಗಿನಿಂದ ಕಾಫಿ ಬಂತು. ಚಿಕೋರಿ ಇರಲಿಲ್ಲ.

ಮುಂದಿನ ಸಂತೆಯ ದಿನ ಕದಿರಪ್ಪ ತನ್ನ ಹಳೆಯ ಬೆಂಚಿನಲ್ಲೇ ಕೂತಿದ್ದ. ಅವನ ಪಕ್ಷ ಬದಲಾಗಿರಲಿಲ್ಲ, ಓಟೂ ಬದಲಾಗಲಿಲ್ಲ. ಆನಂದಪ್ಪ ಹುರುಪಿನಿಂದ ಓದಿದ: ವಿರೋಧ ಪಕ್ಷದ ಅಭ್ಯರ್ಥಿಯನ್ನು ಯಾವುದೋ ಊರಿನವರು ಚಪ್ಪಲಿ ತೋರಿಸಿ ಓಡಿಸಿದರಂತೆ. ಬೆಂಚಿನವರೆಲ್ಲ ಹೋ ಎಂದು ನಕ್ಕರು. ಕದಿರಪ್ಪನಿಗೂ ಖುಷಿಯಾಯಿತು. ಖುಷಿಯಾದ ಕೂಡಲೇ ಅವನು ಲೋಟ ಕೆಳಗಿಟ್ಟ.

“ಆನಂದಪ್ಪ, ಕಂಡೋರ್ಯಾರು ಅಂತ ಬರ್ದವ್ರಾ?”

ಆನಂದಪ್ಪ ಪೇಪರಿನ ಮೇಲೆ ಬೆರಳು ಓಡಿಸಿದ, ಮತ್ತೆ ಮೇಲಿನಿಂದ ಓಡಿಸಿದ.

“ಬರ್ದಿಲ್ಲ ಕಣಯ್ಯ.”

“ಚಪ್ಪಲಿ ಅದರಲ್ಲೇ ಅದ್ಯಾ, ಇಲ್ಲ ನಿಂದಾ?”

ಮದುವೆ ಗೊತ್ತುಮಾಡಿದ್ದ ದಿನಕ್ಕೇ ನಡೆಯಿತು. ಎರಡು ಹೋಟೆಲಿನವರೂ ಬಂದು ಒಂದೇ ಸಾಲಿನಲ್ಲಿ ಕೂತು ಉಂಡರು. ಅದನ್ನು ಯಾವ ಪೇಪರೂ ಬರೆಯಲಿಲ್ಲ.

ಈ ಕಥೆ ಓದುತ್ತಿರುವವರೇ, ಕೇಳುತ್ತಿರುವವರೇ, ನೀವು ಯಾವ ಪಕ್ಷಕ್ಕಾದರೂ ಸೇರಿರಿ, ಅದು ನಿಮ್ಮ ಹಕ್ಕು. ಆದರೆ ಪೇಪರಿನವರಿಗೂ ಪಕ್ಷವಿರುತ್ತದೆ, ಓದಿ ಹೇಳುವವನಿಗೂ ಇರುತ್ತದೆ ಎಂಬುದು ನೆನಪಿರಲಿ. ಕಂಡವರು ಯಾರು, ದೂರು ಹೊತ್ತವನನ್ನು ಕೇಳಿದರೇ, ಇದು ಸುದ್ದಿಯೋ ಬರೆದವನ ಅಭಿಪ್ರಾಯವೋ ಎಂದು ಕೇಳಿ. ತಪ್ಪು ತಿದ್ದಿಕೊಳ್ಳುವ ಪತ್ರಿಕೆಯನ್ನು ಹುಡುಕಿ ತರಿಸಿ. ಹತ್ತಿರದ ಊರಿನ ಸುದ್ದಿಯಾದರೆ ನಡೆದು ಹೋಗಿ ನೋಡಿ ಬನ್ನಿ. ದೂರದ್ದಾದರೆ ಗೊತ್ತಾಗುವ ತನಕ ಬಾಯಿ ಮುಚ್ಚಿಕೊಂಡಿರಿ. ಸಿಟ್ಟು ಬರಿಸುವ ಸುದ್ದಿಯನ್ನು ಯಾರು ಬೇಕಾದರೂ ಪರೀಕ್ಷಿಸುತ್ತಾರೆ. ನಿಮಗೆ ಖುಷಿ ಕೊಡುವ ಸುದ್ದಿ ಬಂದಾಗ ಕದಿರಪ್ಪನ ಹಾಗೆ ಲೋಟ ಕೆಳಗಿಡಿ.