ಒಬ್ಬರು ಎದ್ದು ನಿಂತರೆ ಸಾಕು

ನಮ್ಮ ಸಂಘದ್ದು ಸಣ್ಣ ವ್ಯವಹಾರ. ಕಾಲು ಮುರಿದವರಿಗೆ, ಹಾಸಿಗೆ ಹಿಡಿದವರಿಗೆ ಗಾಲಿಕುರ್ಚಿ, ಊರುಗೋಲು ಎರವಲು ಕೊಡುವುದು, ವಾಸಿಯಾದ ಮೇಲೆ ವಾಪಸು ಪಡೆಯುವುದು. ಚಿಕ್ಕಮ್ಮ ಅದರ ಅಧ್ಯಕ್ಷೆ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಅವಳ ಮನೆಯಲ್ಲೇ ಇದ್ದ ನನ್ನನ್ನು ಸದಸ್ಯೆಯಾಗಿ ಸೇರಿಸಿ, ಸಭೆಯ ನಡಾವಳಿ ಬರೆಯಲು ಕೂರಿಸಿದ್ದಳು. "ಹೇಗೂ ಡೈರಿ ಬರೆದೂ ಬರೆದೂ ಬೆರಳು ಸವೆಸ್ತೀಯ. ನಾಲ್ಕು ಜನಕ್ಕೆ ಉಪಯೋಗ ಆಗ್ಲಿ."

ಬೈಲಾ ಪ್ರಕಾರ ವರ್ಷಕ್ಕೊಮ್ಮೆ ಹೊರಗಿನವರೊಬ್ಬರು ಸಂಘದ ಲೆಕ್ಕವನ್ನೂ ಸಾಮಾನನ್ನೂ ಪರಿಶೀಲಿಸಬೇಕು. ಹದಿನಾರು ವರ್ಷದಿಂದ ಆ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿದ್ದವರು ನಿವೃತ್ತ ಗಣಿತದ ಮೇಷ್ಟ್ರು. ಪುಸ್ತಕ ತೆರೆಯುವ ಮೊದಲು ಗೋದಾಮಿಗೆ ಹೋಗಿ, ಪ್ರತಿ ಕುರ್ಚಿಯಲ್ಲೂ ಕೂತು, ಒಂದು ಸುತ್ತು ಉರುಳಿಸಿ, ಚಕ್ರಕ್ಕೆ ಸೀಮೆಸುಣ್ಣದ ಗೆರೆ ಎಳೆಯುವುದು ಅವರ ಪದ್ಧತಿ. "ಕೂತಿದ್ದೇ ಕುರ್ಚಿ ಕಣಮ್ಮ. ಮಿಕ್ಕಿದ್ದು ಬರೀ ಬರಹ" ಎನ್ನುತ್ತಿದ್ದರು. ಸಂಘದಲ್ಲಿ ನನ್ನನ್ನು ಮಾತಾಡಿಸುತ್ತಿದ್ದವರು ಅವರೊಬ್ಬರೇ. ನಾನು ಉತ್ತರ ಕೊಡದಿದ್ದರೂ ಬೇಸರಿಸುತ್ತಿರಲಿಲ್ಲ.

ಈ ವರ್ಷ, ಎರವಲು ಹೋದದ್ದನ್ನು ಬಿಟ್ಟು, ಪುಸ್ತಕದಲ್ಲಿದ್ದದ್ದು ಹನ್ನೊಂದು ಕುರ್ಚಿ. ಅವರು ಕೂತದ್ದು ಒಂಬತ್ತರಲ್ಲಿ. ವರದಿಯ ಕೊನೆಗೆ ಬರೆದರು: "ಇನ್ನೆರಡು ಎಲ್ಲಿವೆ?"

ಎಲ್ಲಿವೆಯೆಂದು ನನಗೆ ಗೊತ್ತಿತ್ತು. ಚಿಕ್ಕಪ್ಪನ ಕ್ಲಿನಿಕ್ಕಿನಲ್ಲಿ, ದಿನಬಾಡಿಗೆಗೆ. ಊಟದ ಡಬ್ಬಿ ಕೊಡಲು ಹೋದಾಗ, ಕುರ್ಚಿಗಳ ಬೆನ್ನಿನ ಮೇಲಿದ್ದ ಸಂಘದ ಹೆಸರನ್ನು ಕೆರೆದ ಗುರುತು ಕಂಡಿದ್ದೆ.

ಚಿಕ್ಕಮ್ಮ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಬೈಲಾ ತಿದ್ದಲು ಹೊರಟಳು. "ಇಷ್ಟು ಚಿಕ್ಕ ಸಂಘಕ್ಕೆ ಹೊರಗಿನವರ ಪರಿಶೀಲನೆ ಯಾಕೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಒಂದು ವಾಕ್ಯ ಬರಿ ಪುಟ್ಟಿ. ಮೇಷ್ಟ್ರಿಗೆ ನೋವಾಗಬಾರದು."

ಬರೆದೆ. ಮೂರು ಸಲ ತಿದ್ದಿದೆ. "ವಾರ್ಷಿಕ ಆದಾಯವು ನಿಗದಿತ ಮಿತಿಯೊಳಗಿರುವ ವರ್ಷಗಳಲ್ಲಿ, ಹೊರಗಿನ ಪರಿಶೀಲಕರಿಗೆ ತೊಂದರೆ ಕೊಡದೆ, ಇಬ್ಬರು ಸದಸ್ಯರ ದೃಢೀಕರಣವನ್ನೇ ಪರಿಶೀಲನೆಯೆಂದು ಭಾವಿಸತಕ್ಕದ್ದು." ನಮ್ಮ ಆದಾಯ ಆ ಮಿತಿಯನ್ನು ಎಂದೂ ದಾಟಿದ್ದಿಲ್ಲ. 'ತೊಂದರೆ ಕೊಡದೆ' ಎಂಬುದು ಹೊಳೆದಾಗ ನನಗೆ ಖುಷಿಯಾಗಿತ್ತು.

ಹಳೆಯ ಬೈಲಾವನ್ನು ಟೈಪ್ ಮಾಡುವಾಗ ಇನ್ನೊಂದು ನಿಯಮವೂ ಕಣ್ಣಿಗೆ ಬಿದ್ದಿತ್ತು. ತಿದ್ದುಪಡಿಯನ್ನು ಆಕ್ಷೇಪಿಸಿ ಒಬ್ಬ ಸದಸ್ಯ ಎದ್ದು ನಿಂತರೂ ಸಾಕು, ಅದನ್ನು ಮುಂದೂಡಿ, ಪರಿಶೀಲಕರ ಮಾತು ಕೇಳಿದ ಮೇಲೆಯೇ ತೀರ್ಮಾನಿಸಬೇಕು. ಕಾರಣ ಹೇಳಬೇಕಿಲ್ಲ. ಬಾಯಿ ಬಿಡಲೂ ಬೇಕಿಲ್ಲ. ನನ್ನಂಥವಳಿಗೆಂದೇ ಯಾರೋ ಬರೆದಿಟ್ಟಂತಿತ್ತು.

ಸಭೆಗೆ ಹದಿನಾಲ್ಕು ಜನ ಬಂದಿದ್ದರು. ಮೇಷ್ಟ್ರು ಸದಸ್ಯರಲ್ಲವಾದ್ದರಿಂದ ಹೊರಗಿನ ಬೆಂಚಿನ ಮೇಲಿದ್ದರು. ಚಿಕ್ಕಮ್ಮ ನನ್ನ ವಾಕ್ಯವನ್ನು ಓದಿದಳು.

"ಒಳ್ಳೇದಾಯ್ತು ಬಿಡಿ," ಎಂದ ದರ್ಜಿ. "ಮೇಷ್ಟ್ರು ಕೂತೂ ಕೂತೂ ಕುರ್ಚಿಗಳ ಸೀಟೇ ಹರಿದುಹೋಗ್ತಿತ್ತು. ಹೊಲಿಯೋನು ನಾನು ತಾನೆ!"

ಎಲ್ಲರೂ ನಕ್ಕರು. "ಬೇಗ ಮುಗಿಸಿ ತಾಯಿ, ಅಂಗಡಿ ತೆಗೀಬೇಕು" ಎಂದರು ಔಷಧಿ ಅಂಗಡಿಯವರು.

"ಆಕ್ಷೇಪ ಇರೋರು ಎದ್ದು ನಿಲ್ಲಿ."

ನನ್ನ ತೊಡೆಯ ಮೇಲೆ ನಡಾವಳಿ ಪುಸ್ತಕವಿತ್ತು. ಎದ್ದರೆ ಅದು ಬೀಳುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ, ಸಂಜೆ ಅದೇ ಮನೆಗೆ ಹೋಗಬೇಕು. ಬರೆಯುವವಳೇ ಎದ್ದರೆ ಬರೆದುಕೊಳ್ಳುವವರು ಯಾರು ಎಂದು ನನಗೆ ನಾನೇ ಹೇಳಿಕೊಂಡೆ.

"ಬರ್ಕೋ ಪುಟ್ಟಿ, ಯಾರೂ ಎದ್ದಿಲ್ಲ. ಆ ಇಬ್ಬರು ಸದಸ್ಯರು ಅಂದ್ರೆ ನಮ್ಮ ದರ್ಜಿ, ಮತ್ತೆ ನೀನು. ಈ ವರ್ಷದಿಂದಲೇ."

ಬರೆದುಕೊಂಡೆ.

ಹೊರಗೆ ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಸೂಚನಾಫಲಕಕ್ಕೆ ಮೊದಲೇ ಹಚ್ಚಿದ್ದ ತಿದ್ದುಪಡಿಯನ್ನು ಓದುತ್ತಿದ್ದರು. "ತೊಂದರೆ ಕೊಡದೆ... ಯಾರೋ ಮನಸ್ಸಿಟ್ಟು ಬರೆದಿದಾರೆ. ಯಾರಮ್ಮ?"

"ಸಮಿತಿಯೋರು, ಮೇಷ್ಟ್ರೇ."

"ಹೋಗ್ಲಿ, ಆ ಇಬ್ಬರಲ್ಲಿ ನೀನೂ ಒಬ್ಬಳಂತಲ್ಲ, ಸದ್ಯ. ಕೂತು ಎಣಿಸು. ಬಾಗಿಲಲ್ಲಿ ನಿಂತು ಎಣಿಸಬೇಡ."

ವಾರದ ನಂತರ ಚಿಕ್ಕಮ್ಮ ಊಟದ ಮೇಜಿನ ಮೇಲೆ ದೃಢೀಕರಣ ಪತ್ರ ಇಟ್ಟಳು. ಗಾಲಿಕುರ್ಚಿ: ಹನ್ನೊಂದು. ದರ್ಜಿಯ ಸಹಿ ಆಗಲೇ ಬಿದ್ದಿತ್ತು.

"ಗೋದಾಮಿಗೊಮ್ಮೆ ಹೋಗಿ ಬರ್ತೀನಿ ಚಿಕ್ಕಮ್ಮ."

"ಹೋಗಿ? ಉಂಡ ಮನೆ ಜಂತೆ ಎಣಿಸ್ತೀಯಾ? ಸೈನ್ ಹಾಕು, ಊಟ ಆರುತ್ತೆ."

ಹಾಕಿದೆ. ಅವಳು ಕಾಗದವನ್ನು ಬೆಳಕಿಗೆ ಹಿಡಿದು, "ಅಕ್ಷರ ನೋಡು, ಮುತ್ತು ಪೋಣಿಸಿದ ಹಾಗಿದೆ" ಎಂದಳು.

ಮರುದಿನ ಗ್ರಂಥಾಲಯದ ಮೆಟ್ಟಿಲ ಬಳಿ ಮೇಷ್ಟ್ರು ಸಿಕ್ಕರು. "ಎಷ್ಟಾಯ್ತಮ್ಮ?"

"ಹನ್ನೊಂದು."

"ಎಲ್ಲದರಲ್ಲೂ ಕೂತ್ಯಾ?"

"ಕೂತೆ."

ಅವರು ಸ್ವಲ್ಪ ಹೊತ್ತು ಬೆರಳು ಮಡಚುತ್ತಾ ಏನನ್ನೋ ಎಣಿಸಿದರು. ಆಮೇಲೆ ತಲೆ ಅಲ್ಲಾಡಿಸಿ ನಕ್ಕರು.

"ಹಾಗಾದ್ರೆ ನಾನೇ ತಪ್ಪಿದೆ. ವಯಸ್ಸಾಯ್ತು ನೋಡು. ಸುಮ್ನೆ ಅಷ್ಟು ಜನರ ಮೇಲೆ ಅನುಮಾನ ಪಟ್ಟೆ. ಮೇಷ್ಟ್ರು ಕ್ಷಮೆ ಕೇಳಿದ್ರು ಅಂತ ನಿನ್ನ ಚಿಕ್ಕಮ್ಮಂಗೆ ಹೇಳ್ತೀಯಾ?"

ಹೇಳ್ತೀನಿ ಎಂದೆ.